ನನ್ನ ವಹಿ, ಬೂಬಮ್ಮನ ಒಡಪು

ಕಳೆದ ವಾರ ನಿಮ್ಮಲ್ಲಿ ಚಿಕ್ಕವಳು ಶಾಲೆಯ ಪ್ರಾಜೆಕ್ಟಿಗೆಂದು ಫೋನಿನಿಂದ ಒಂದು ನವಿಲಿನ ಚಿತ್ರ ತೆಗೆದು ಅಂಟಿಸಿದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ ತನ್ನ ಹೆಸರು ಬರೆದಿದ್ದಳು. ನಿಮ್ಮ ಅವ್ವ ನೋಡಿ, "ಇದನ್ನ ನೀ ತಗದಿಯೇನ?" ಎಂದು ಕೇಳಿದಳು.

"ಫೋನ್‌ನ್ಯಾಗ ಇತ್ತವ್ವಾ. ಫೋನ್‌ನ್ಯಾಗಿಂದು ಯಾರ್ದೂ ಇರೂದಿಲ್ಲ" ಎಂದಳು ಚಿಕ್ಕವಳು.

ಬೈಯಲು ಬಾಯಿ ತೆರೆದ ನಿಮ್ಮ ಅವ್ವ ನನ್ನ ಕಡೆ ನೋಡಿ ಸುಮ್ಮನಾದಳು. ನನಗೆ ನಗು ಬಂತು. ಯಾಕೆ ನಕ್ಕಿರಿ ಎಂದು ನೀವೆಲ್ಲ ಸುತ್ತ ಕುಳಿತು ಕೇಳಿದಿರಿ. ಎದುರಿಗೆ ನಾಲ್ಕು ಜನ ಕುಳಿತರೆ ನನಗೆ ಮಾತು ಬರುವುದಿಲ್ಲ, ಅದು ನೀವು ಮಕ್ಕಳಾದರೂ ಅಷ್ಟೇ. ಏಳನೇ ಇಯತ್ತೆಯವರೆಗೆ ಊರ ಶಾಲೆಯಲ್ಲಿ ಓದಿದ್ದು ಬರೆಯುವುದಕ್ಕೆ ಸಾಕು. ಹಾಗಾಗಿ ಬರೆಯುತ್ತಿದ್ದೇನೆ. ಇದು ನಿಮ್ಮ ಅವ್ವನ, ಅಂದರೆ ನನ್ನ ಮಗಳ ಕಥೆ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿಯವ್ವಾ, ಆದ್ರ ನಾ ಅತ್ತಿದ್ದ ಬರೀಬ್ಯಾಡ" ಎಂದಿದ್ದಾಳೆ. ಬರೆಯುವುದಿಲ್ಲ.

ನಮ್ಮ ಕಾಲದಲ್ಲಿ ಗಂಡನ ಹೆಸರನ್ನು ಹೆಂಗಸರು ಸುಮ್ಮನೆ ಹೇಳುತ್ತಿರಲಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ, ಅರಿಶಿನ ಕುಂಕುಮದಲ್ಲಿ ಎಲ್ಲರೂ ಸೇರಿ "ಹೆಸರ ಹೇಳ, ಹೆಸರ ಹೇಳ" ಎಂದು ಪಟ್ಟು ಹಿಡಿದಾಗ ಎರಡು ಸಾಲಿನ ಪದ್ಯದೊಳಗೆ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ನಮ್ಮಲ್ಲಿ ಮರಾಠಿ ಆಡುವವರು ಅದನ್ನೇ ಉಖಾಣಾ ಎನ್ನುತ್ತಾರೆ. ಹೊಸ ಮದುಮಗಳು ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ನಾದಿನಿಯರು ಬಾಗಿಲು ತಡೆದು ನಿಲ್ಲುತ್ತಾರೆ. ಒಡಪು ಹೇಳದೆ ಒಳಗೆ ಬಿಡುವುದಿಲ್ಲ. ಮದುವೆಯ ಊಟ ಮರೆತವರು ಕೂಡ ಮದುಮಗಳು ಏನು ಹೇಳಿದಳು ಎಂಬುದನ್ನು ವರ್ಷಗಟ್ಟಲೆ ಮರೆಯುತ್ತಿರಲಿಲ್ಲ.

ಉಗಾರ, ಶಿರಗುಪ್ಪಿ, ಕಾಗವಾಡ ಈ ಕಡೆಯ ಹಳ್ಳಿಗಳ ಹುಡುಗಿಯರಿಗೆ ಒಡಪು ಕಟ್ಟಿಕೊಡುತ್ತಿದ್ದವಳು ಬೂಬಮ್ಮ. ಅದು ಅವಳ ಹೆಸರಲ್ಲ, ನಾವೆಲ್ಲ ಹಾಗೆ ಕರೆಯುತ್ತಿದ್ದೆವು. ಕಾಗವಾಡದ ಬಳೆಗಾರ್ತಿ. ಬಳೆಗಳನ್ನು ದಾರಕ್ಕೆ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಪ್ರತಿ ರವಿವಾರ ಕೆಂಪು ಬಸ್ಸಿನಿಂದ ನಮ್ಮೂರಲ್ಲಿ ಇಳಿಯುತ್ತಿದ್ದಳು. ಮದುಮಗಳ ಕೈಯನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು, ಹಿಚುಕಿ ಮೆತ್ತಗೆ ಮಾಡುತ್ತ, ಬಳೆ ಏರಿಸುತ್ತ, ಒಂದೊಂದೇ ಪ್ರಶ್ನೆ ಕೇಳುವಳು. ಹುಡುಗ ಏನು ಮಾಡುತ್ತಾನೆ, ನೋಡಲು ಬಂದಾಗ ಏನು ಅಂದ, ನೀನು ಏನು ಅಂದೆ. ಕೊನೆಯ ಬಳೆ ಏರುವ ಹೊತ್ತಿಗೆ ಒಡಪು ಸಿದ್ಧವಾಗಿರುತ್ತಿತ್ತು. ಕಿವಿಯಲ್ಲಿ ಹೇಳಿ ಎದ್ದು ಬಿಡುವಳು. ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಒಬ್ಬಳಿಗೆ ಕೊಟ್ಟದ್ದನ್ನು ಇನ್ನೊಬ್ಬಳಿಗೆ ಕೊಟ್ಟವಳಲ್ಲ. "ಒಂದ ಅಳತಿ ಬಳಿ ಹತ್ತ ಕೈಗಿ ಬರ್ತಾವ. ಒಡಪ ಹಂಗಲ್ಲ, ಒಂದ ಬಾಯಿಗಷ್ಟ" ಎನ್ನುವಳು. ಆ ಮಾತಿನ ಮೇಲೆಯೇ ಮದುವೆ ಮನೆಗಳು ಅವಳ ದಾರಿ ಕಾಯುತ್ತಿದ್ದವು. ಮಿರಜಿಯ ಅಂಗಡಿಗಳಲ್ಲಿ ಇನ್ನೂ ಚೆಂದದ ಬಳೆಗಳು ಸಿಗುತ್ತಿದ್ದವು, ಒಡಪು ಸಿಗುತ್ತಿರಲಿಲ್ಲ.

ನಾನು ರಾಯಬಾಗದ ಕಡೆಯವಳು, ಆದರೆ ಮದುವೆ ಗಂಡನ ಊರಲ್ಲೇ ಆಯಿತು, ಹಾಗಾಗಿ ನನಗೂ ಬಳೆ ಇಟ್ಟು ಹೊಸ್ತಿಲಿನ ಒಡಪು ಕಟ್ಟಿಕೊಟ್ಟವಳು ಅವಳೇ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮಾತಾಡಿದರೆ ಪಕ್ಕದವರಿಗೂ ಕೇಳುತ್ತಿರಲಿಲ್ಲ. ಬೂಬಮ್ಮ ನನ್ನ ಕೈ ಹಿಡಿದು ಹತ್ತು ಪ್ರಶ್ನೆ ಕೇಳಿದಳು, ನಾನು ಹತ್ತಕ್ಕೂ ತಲೆಯಾಡಿಸಿದೆ. ಅವಳು ನಕ್ಕು ಕಿವಿಯಲ್ಲಿ ಹೇಳಿದ್ದು ಇದು:

ನಾಚಿಕಿ ಬುಟ್ಟ್ಯಾಗ ಮಲ್ಲಿಗಿ ಮೊಗ್ಗ,
............ ಹೆಸರ ಹೇಳತೀನಿ, ದನಿ ಮಾತ್ರ ತಗ್ಗ.

ಹೊಸ್ತಿಲಲ್ಲಿ ಇದನ್ನು ಹೇಳಿದಾಗ ಜನ ಮೊದಲು ಕಿವಿಗೊಟ್ಟು ಕೇಳಿದರು, ಆಮೇಲೆ ಹೋ ಎಂದು ನಕ್ಕರು. ನನ್ನ ತಗ್ಗಿದ ದನಿ ಆ ದಿನ ತಪ್ಪಾಗಲಿಲ್ಲ, ಒಡಪಿನ ಭಾಗವೇ ಆಯಿತು. ಹೊರಗಿನವಳೊಬ್ಬಳು ನನ್ನ ಸ್ವಭಾವವನ್ನು ಹೀಗೆ ನೋಡಿ, ಅದಕ್ಕೊಂದು ಜಾಗ ಮಾಡಿಕೊಟ್ಟಳಲ್ಲ ಎಂದು ಈಗಲೂ ಅನಿಸುತ್ತದೆ.

ಅಂದಿನಿಂದ ನನಗೆ ಒಡಪಿನ ಹುಚ್ಚು ಹಿಡಿಯಿತು. ಕಟ್ಟಲು ಬರುತ್ತಿರಲಿಲ್ಲ. ಕೇಳಿದ್ದನ್ನು ಮನೆಗೆ ಬಂದು ವಹಿಯಲ್ಲಿ ಬರೆದಿಡುತ್ತಿದ್ದೆ. ನೂರು ಪುಟದ ವಹಿ, ಹೊರಗೆ ಕಂದು ಕಾಗದದ ಹೊದಿಕೆ. ಪರರ ಗಂಡಂದಿರ ಹೆಸರು ಬರೆಯಲು ಸಂಕೋಚ, ನನ್ನ ಗಂಡನ ಹೆಸರು ಬರೆಯಲು ಇನ್ನೂ ಸಂಕೋಚ. ಹೆಸರು ಬರುವಲ್ಲೆಲ್ಲ ಸಾಲಾಗಿ ಚುಕ್ಕಿ ಇಡುತ್ತಿದ್ದೆ. ಯಾರು ಕಟ್ಟಿದ್ದು, ಯಾರಿಗೆ ಕಟ್ಟಿದ್ದು ಎಂದೂ ಬರೆಯಲಿಲ್ಲ. ನನಗೆ ಗೊತ್ತಿತ್ತಲ್ಲ, ಬರೆಯುವುದೇಕೆ ಎಂದುಕೊಂಡೆ.

ಹೀಗೆ ಹದಿನೈದು ವರ್ಷ ಕಳೆಯಿತು. ನಿಮ್ಮ ಅವ್ವ ಒಂಬತ್ತನೇ ಇಯತ್ತೆಗೆ ಬಂದಳು. ಪಕ್ಕದೂರಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಅವಳ ಬಾಯಿ ನನ್ನದಲ್ಲ, ನಿಮ್ಮ ಅಜ್ಜನದು. ಅದೇ ವರ್ಷ ನಮ್ಮ ಪಕ್ಕದ ಮನೆಯ ಹುಡುಗಿಗೆ ಉಗಾರ ಬುದ್ರುಕದ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಹುಡುಗ ಹೊಳೆಯ ದಂಡೆಯಲ್ಲಿ ಮೋಟಾರು ಹಾಕಿ ಕಬ್ಬಿನ ಹೊಲಗಳಿಗೆ ನೀರು ಹತ್ತಿಸುವ ಕೆಲಸದವನು. ಬೂಬಮ್ಮ ಈ ಸಲ ಮದುವೆಗೆ ತಿಂಗಳ ಮೊದಲೇ ಒಡಪು ಕಟ್ಟಿ ಕೊಟ್ಟಳು, ಹುಡುಗಿ ಕಲಿತುಕೊಳ್ಳಲಿ ಎಂದು. ಹುಡುಗಿ ಅದನ್ನು ಹೇಳಿ ರೂಢಿ ಮಾಡಿಕೊಂಡದ್ದು ನನ್ನ ಮುಂದೆ, ನಮ್ಮ ಅಡುಗೆಮನೆಯಲ್ಲಿ. ತನ್ನ ಅವ್ವನಿಗೂ ಹೇಳಿರಲಿಲ್ಲ. ನಾನು ಯಾರಿಗೂ ಹೇಳುವುದಿಲ್ಲ ಎಂಬುದು ಊರಿಗೇ ಗೊತ್ತಿತ್ತು.

ನಾನು ಹೇಳಲಿಲ್ಲ. ಆದರೆ ವಹಿಯಲ್ಲಿ ಬರೆದೆ.

ಜನವರಿಯಲ್ಲಿ ಹೈಸ್ಕೂಲಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಆಯಿತು. ಅದಕ್ಕೆಂದು ಮಕ್ಕಳು ಬರೆದದ್ದನ್ನೆಲ್ಲ ಸೇರಿಸಿ ಸೈಕ್ಲೋಸ್ಟೈಲ್ ಮಾಡಿ, ಪಿನ್ನು ಹೊಡೆದು ಪುಸ್ತಕ ಮಾಡಿದ್ದರು. ಅರವತ್ತು ಪ್ರತಿ. ನಿಮ್ಮ ಅವ್ವ ಓಡುತ್ತ ಬಂದು ಒಂದು ಪ್ರತಿ ನಿಮ್ಮ ಅಜ್ಜನ ಕೈಗೆ ಕೊಟ್ಟಳು. ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಅವರು ಅಂಗಳದಲ್ಲಿ ಕುಳಿತಿದ್ದರು. ಪುಸ್ತಕಕ್ಕಿನ್ನೂ ಶಾಯಿಯ ವಾಸನೆ ಇತ್ತು. ನಡುವಿನ ಎರಡು ಪುಟಗಳಲ್ಲಿ ಹನ್ನೆರಡು ಒಡಪು, ಮೇಲೆ "ರಚನೆ: ಕುಮಾರಿ" ಎಂದು ನಿಮ್ಮ ಅವ್ವನ ಹೆಸರು. ಮೊದಲ ಬಹುಮಾನವೂ ಬಂದಿತ್ತು, ಒಂದು ಸ್ಟೀಲಿನ ಡಬ್ಬಿ.

ನಿಮ್ಮ ಅಜ್ಜ ಓದುತ್ತ ಹೋದರು, ನಗುತ್ತ ಹೋದರು. ನಾಲ್ಕನೆಯದಕ್ಕೆ ಬಂದು ನಿಂತರು. "ಕೇಳಿಲ್ಲಿ" ಎಂದು ನನ್ನನ್ನು ಕರೆದರು. "ನಾಚಿಕಿ ಬುಟ್ಟ್ಯಾಗ ಮಲ್ಲಿಗಿ ಮೊಗ್ಗ. ಇದು ನಂದಲ್ಲೇನ?"

ನಾನು ಸೆರಗು ಬಾಯಿಗೆ ಹಿಡಿದೆ.

"ಹೊಸ್ತಿಲದಾಗ ಇದನ್ನ ಕೇಳಿ ನಾ ಬೆವತಿದ್ನಿ. ಈಗ ನೋಡ, ನನ್ನ ಹೆಸರ ತಗದ ಚುಕ್ಕಿ ಇಟ್ಟಾಳ ನಿನ್ನ ಮಗಳು. ಯಾಂವ ಬೇಕಾದಾಂವ ಬಂದ ಕುಂಡರಬಹುದು ಇಲ್ಲಿ!"

"ಅಪ್ಪಾ, ಅದು ಅವ್ವನ ವಹ್ಯಾಗ ಇತ್ತು" ಎಂದಳು ನಿಮ್ಮ ಅವ್ವ. "ಅವ್ವನ ಅಕ್ಷರ ಅದಾವ. ಅವ್ವಂದು ಅಂದ್ರ ನಂದಲ್ಲೇನ? ಒಂದೆರಡ ಶಬ್ದ ನಾನೂ ಬದಲ ಮಾಡೀನಿ."

ನಿಮ್ಮ ಅಜ್ಜ ನಗುತ್ತಲೇ ಇದ್ದರು. ನನಗೆ ನಗು ನಿಂತಿತ್ತು. ಪುಸ್ತಕ ಕಸಿದುಕೊಂಡು ಮುಂದೆ ನೋಡಿದೆ. ಒಂಬತ್ತನೆಯದು ಪಕ್ಕದ ಮನೆಯ ಹುಡುಗಿಯದು:

ಹೊಳಿ ನೀರ ಬಂದೈತಿ ಕಬ್ಬಿನ ಬುಡದ ತನಕ,
............ ಕೈ ಹಿಡದ ಬಂದೀನಿ ಈ ಹೊಸ್ತಿಲದ ತನಕ.

ಹೊಳೆಯ ನೀರು ಹತ್ತಿಸುವ ಆ ಒಬ್ಬ ಹುಡುಗನಿಗೆಂದು ಕಟ್ಟಿದ್ದು. ಚುಕ್ಕಿ ಇಟ್ಟು ಅದನ್ನು ನಾನೇ ಯಾರಿಗಾದರೂ ಹೊಂದುವಂತೆ ಮಾಡಿದ್ದೆ. ಮದುವೆಗೆ ಎಂಟೊಂಬತ್ತು ದಿನ ಇತ್ತು.

ಮರುದಿನ ಮದುಮಗಳೇ ಬಂದಳು, ಕೈಯಲ್ಲಿ ಅದೇ ಪುಸ್ತಕ. ಬಾಗಿಲಲ್ಲೇ ನಿಂತಳು.

"ಕಾಕೂ, ನಿಮ್ಮ ಬಾಯಾಗಿಂದ ಒಂದ ಮಾತ ಹೊರಗ ಬರೂದಿಲ್ಲಂತ ನಿಮ್ಮ ಮುಂದ ಹೇಳಿದ್ನಿ. ಬಾಯಾಗಿಂದ ಬರಲಿಲ್ಲ, ಖರೇ. ವಹ್ಯಾಗಿಂದ ಬಂತು."

ಅವಳು ಅಲ್ಲೇ ಕುಳಿತು ಹೇಳತೊಡಗಿದಳು. ಅವಳ ನಾದಿನಿಯಾಗುವ ಹುಡುಗಿ ಅದೇ ಹೈಸ್ಕೂಲಿನಲ್ಲಿ ಎಂಟನೇ ಇಯತ್ತೆ. ಒಡಪನ್ನೆಲ್ಲ ಬಾಯಿಪಾಠ ಮಾಡಿ, ಹೊಳೆ ನೀರಿನದು ತನ್ನ ಅಣ್ಣನಿಗೇ ಹೊಂದುತ್ತದೆ ಎಂದು ಗುರುತಿಸಿದ್ದಾಳೆ. ಬಾಗಿಲು ತಡೆದು ನಿಂತು, ಮದುಮಗಳು ಬಾಯಿ ತೆರೆಯುವ ಮೊದಲು ತಾನೇ ಹೇಳಿಬಿಡುತ್ತೇನೆ, ಪುಸ್ತಕದ ಒಡಪು ತಂದರೆ ಒಳಗೆ ಬಿಡುವುದಿಲ್ಲ ಎಂದು ಊರ ತುಂಬ ಸಾರಿದ್ದಾಳೆ.

"ಅದಕ್ಕಿಂತ ಕೆಟ್ಟದ್ದ ಅಂದ್ರ, ಇದು ನಂದಂತ ಕೇಳಿ ನಮ್ಮವ್ವ ಬೂಬಮ್ಮನ ಮ್ಯಾಲ ಸಿಟ್ಟಿಗೆದ್ದಾಳ. ನನ್ನ ಮಗಳ ಒಡಪಾನ ಬಾಜೂ ಮನಿ ಹುಡಗಿಗಿ ಕೊಟ್ಟ ಸಾಲಿಗಿ ಹಂಚ್ಯಾಳ ಆಕಿ, ಇನ್ನ ಆಕಿ ಕೈಲೆ ಬಳಿ ಇಡಸೂದ ಬ್ಯಾಡ, ಮಿರಜಿಂದ ತರೂಣು ಅನ್ನಾಕತ್ತಾಳ. ನಿಮ್ಮ ಹೆಸರ ನಾ ಹೇಳಿಲ್ಲ ಕಾಕೂ. ಹೇಳಿದ್ರ ನಾ ನಿಮ್ಮ ಮುಂದ ಹೇಳಿದ್ದೂ ಹೊರಗ ಬೀಳತೈತಿ."

ನಿಮ್ಮ ಅವ್ವ ಒಳಗೆ ಕುಳಿತು ಎಲ್ಲ ಕೇಳಿಸಿಕೊಂಡಳು. ಹುಡುಗಿ ಹೋದ ಮೇಲೆ ಹೊರಗೆ ಬಂದು, "ಬೂಬಮ್ಮಗ ಗೊತ್ತಾದ್ರ?" ಎಂದಳು. ಗೊತ್ತಾಗದೆ ಇದ್ದರೆ ಇನ್ನೂ ಕೆಟ್ಟದ್ದು ಎಂದು ನನಗೆ ಅನಿಸಿತು. ತಾನು ಮಾಡದ ತಪ್ಪಿಗೆ ಅವಳು ಹಳ್ಳಿ ಹಳ್ಳಿಗಳಲ್ಲಿ ಬಾಗಿಲು ಕಳೆದುಕೊಳ್ಳುತ್ತಾಳೆ, ಯಾಕೆ ಎಂದೂ ತಿಳಿಯುವುದಿಲ್ಲ.

ರವಿವಾರ ಬೂಬಮ್ಮ ಬಂದಳು. ಮದುಮಗಳಿಗೆ ಬಳೆ ಇಡುವ ದಿನ. ಹಸಿರು ಬಳೆಗಳ ಹೊಸ ಮಲಾರ ಹೆಗಲ ಮೇಲಿತ್ತು. ಪಕ್ಕದ ಮನೆಯ ಬಾಗಿಲಿಗೆ ಹೋದವಳು ಐದು ನಿಮಿಷದಲ್ಲಿ ತಿರುಗಿ ನಮ್ಮ ಕಟ್ಟೆಗೆ ಬಂದು ಮಲಾರ ಇಳಿಸಿದಳು. ನಾನು ಚಹಾ ತಂದಿಟ್ಟೆ.

"ಏನ ತಂಗಿ, ಮದುವಿ ಮನ್ಯಾಗ ನನಗ ಬ್ಯಾಡ ಅಂದದ್ದ ಇದ ಮೊದಲ್ನೇ ಸಲ. ಈ ಸಲ ಬ್ಯಾಡ ಬೂಬಮ್ಮ ಅಂತ ಒಂದ ಮಾತ, ಬಾಗಲಾ ಹಾಕಿದ್ರು. ನನ್ನ ಕೈಯಾಗ ಯಾರ ಕೈಯಾರ ಗೀರೇತೇನ?"

ಹೇಳಬೇಕಾದ ಮಾತು ನನ್ನಲ್ಲೇ ಇತ್ತು, ಬರಲಿಲ್ಲ. ಆಗ ನಿಮ್ಮ ಅವ್ವ ಪುಸ್ತಕ ಹಿಡಿದು ಹೊರಗೆ ಬಂದಳು.

"ಬೂಬಮ್ಮಾ, ನಿಮ್ಮ ತಪ್ಪಲ್ಲರಿ. ನಂದು."

"ನಿಂದೇನ ತಪ್ಪ ಬೇ, ಸಾಲಿ ಹುಡಗಿ?"

"ನಿಮ್ಮ ಒಡಪ ಇದರಾಗ ಅದಾವ."

"ಓದ, ಕೇಳೂಣು."

ನಿಮ್ಮ ಅವ್ವ ಓದಿದಳು. ಮೊದಮೊದಲು ಬೂಬಮ್ಮನ ಮುಖ ಅರಳಿತು. "ಅರೇ, ಇದು ಗಿರಣಿಯವರ ದೊಡ್ಡ ಸೊಸಿಗಿ ಮಾಡಿದ್ದು! ಆಕಿ ಹೊಸ್ತಿಲದಾಗ ಮರತ ಅರ್ಧಾನ ಹೇಳಿದ್ಲು." ಇನ್ನೊಂದು ಕೇಳಿ, "ಯಾ ಅಲ್ಲಾ, ಇದು ನನಗ ಮರತ ಹೋಗಿತ್ತು" ಎಂದು ತೊಡೆ ತಟ್ಟಿಕೊಂಡಳು. ತಾನು ಕಟ್ಟಿದ್ದು ಕಾಗದದಿಂದ ತಿರುಗಿ ಬರುವುದನ್ನು ಅವಳು ಎಂದೂ ಕೇಳಿರಲಿಲ್ಲ. ಒಂಬತ್ತನೆಯದು ಬಂದಾಗ ಚಹಾದ ಬಟ್ಟಲು ಕೆಳಗಿಟ್ಟಳು.

"ಹೆಸರಿನ ಜಾಗಾದಾಗ ಸುಮ್ಮನಾದಿಯಲ್ಲ, ಅಲ್ಲಿ ಏನೈತಿ?"

"ಚುಕ್ಕಿ ಅದಾವರಿ. ಯಾರರ ತಮಗ ಬೇಕಾದ ಹೆಸರ ಹಾಕಿ ಹೇಳಲಿ ಅಂತ."

"ಹಂಗಾದ್ರ ಅದು ಒಡಪ ಅಲ್ಲ ಮಗಳ. ಸಂತ್ಯಾಗ ತೂಗಹಾಕಿದ ಅಂಗಿ. ಮ್ಯಾಲ ಯಾರ ಹೆಸರ ಬರದಾರ?"

ನಿಮ್ಮ ಅವ್ವ ತಲೆ ತಗ್ಗಿಸಿ, "ನಂದು" ಎಂದಳು.

ಬೂಬಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಲಾರದ ದಾರ ಸರಿಮಾಡುತ್ತ, "ಕೇಳಿದ್ದರ ಕೊಡತಿದ್ನಿ" ಎಂದಳು. "ಎಲ್ಲಾನೂ ಕೊಡತಿದ್ನಿ, ಇದೊಂದ ಬಿಟ್ಟ. ಇನ್ನೂ ಹೇಳದ ಒಡಪ ಇದು. ಇನ್ನಮ್ಯಾಲ ಈ ಊರಾಗ ಬಳಿ ಇಡತೀನಿ ತಂಗಿ. ಒಡಪ ಕಟ್ಟೂದಿಲ್ಲ."

"ನಾ ಏನ ಮಾಡ್ಲಿರಿ ಈಗ?" ಎಂದಳು ನಿಮ್ಮ ಅವ್ವ.

"ಅದನ್ನ ನನಗೇನ ಕೇಳತಿ? ನನಗ ಓದಾಕ ಬರೂದಿಲ್ಲ. ಬರದಾಕಿ ನೀನು, ನೀನ ನೋಡ."

ನಿಮ್ಮ ಅವ್ವ ಒಳಗೆ ಹೋಗಿ ನನ್ನ ವಹಿಯನ್ನೂ ಪೆನ್ನನ್ನೂ ತಂದಳು. ಕೆಳಗೆ ಕುಳಿತು, "ಪುಸ್ತಕದಾಗಿಂದ ಒಂದೊಂದ ಓದತೀನಿ. ಯಾರಿಗಿ ಕಟ್ಟಿದ್ದು ಹೇಳ್ರಿ, ಬಾಜೂಕ ಬರಕೋತೀನಿ" ಎಂದಳು. ಬೂಬಮ್ಮ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಇದು ಇಂಥವರ ಮಗಳಿಗೆ, ಇದು ಅಂಥವರ ಸೊಸೆಗೆ ಎನ್ನುತ್ತ ಬಂದಳು. ಐದನೆಯದಕ್ಕೆ ಕೈ ಅಡ್ಡ ಮಾಡಿದಳು.

"ಇದು ನಂದಲ್ಲ. ಅಥಣ್ಯಾಗ ನಮ್ಮ ಅತ್ತಿ ಮಾಡಿದ್ದು. ನನಗ ಒಡಪ ಕಲಿಸಿದಾಕಿ ಆಕೀನ. ನಾ ಬರೇ ಹೇಳಿ ತೋರಿಸೀನಿ. ನಂದಂತ ಬರೀಬ್ಯಾಡ."

ನಿಮ್ಮ ಅವ್ವನ ಪೆನ್ನು ಅಲ್ಲೇ ನಿಂತಿತು. ಆ ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ತನ್ನದೆಂದು ಹೇಳಿದ್ದರೆ ಇಲ್ಲ ಎನ್ನುವವರು ಒಬ್ಬರೂ ಇರಲಿಲ್ಲ. ಅದುವರೆಗೆ ಹೆದರಿದಂತೆ ಕುಳಿತಿದ್ದ ನಿಮ್ಮ ಅವ್ವನ ಮುಖ ಆ ಮಾತಿಗೆ ಬೇರೆಯಾಯಿತು. (ಇಲ್ಲಿ ನಡೆದ ಒಂದು ಸಂಗತಿಯನ್ನು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.)

"ನಿಮ್ಮದು ಯಾವ ಹೆಸರ ಬರೀಲಿ?" ಎಂದು ಕೊನೆಗೆ ಕೇಳಿದಳು.

"ನನ್ನ ಖರೇ ಹೆಸರ ನಮ್ಮ ಮನಿ ಮಂದಿಗಿ ಮರತೈತಿ. ಬೂಬಮ್ಮ ಅಂತ ಬರಿ. ಯಾರನ್ನ ಕೇಳಿದ್ರೂ ನನ್ನ ಮನಿ ತೋರಸ್ತಾರ."

ಅವಳನ್ನು ಕಟ್ಟೆಯ ಮೇಲೆ ಕುಳ್ಳಿರಿಸಿ ನಾವಿಬ್ಬರೂ ಪಕ್ಕದ ಮನೆಗೆ ಹೋದೆವು. ಇನ್ನೊಬ್ಬರ ಅಂಗಳದಲ್ಲಿ ನಿಂತು ನಾನಾಗಿಯೇ ಮಾತು ಶುರುಮಾಡಿದ್ದು ನನ್ನ ಬಾಳಿನಲ್ಲಿ ಅದೇ ಮೊದಲು. "ತಪ್ಪ ಬೂಬಮ್ಮಂದಲ್ಲ. ನಮ್ಮ ಮನೀದು. ನನ್ನ ವಹೀದು" ಎಂದೆ. ಉಳಿದದ್ದನ್ನು ನಿಮ್ಮ ಅವ್ವ ಹೇಳಿದಳು. ಮದುಮಗಳ ತಾಯಿ ಸೊಂಟದ ಮೇಲೆ ಕೈ ಇಟ್ಟು ಕೇಳಿ, "ಮಗಳ ಬಾಯಿ ಗೊತ್ತಿತ್ತು. ನಿನಗೂ ದನಿ ಐತೆಂಬೂದ ಇವತ್ತ ಗೊತ್ತಾತ ನೋಡ" ಎಂದಳು. ನಾಲ್ಕು ಮಾತು ಬೈದಳು, ಅದು ಸಲ್ಲಬೇಕಾದದ್ದೇ. ಆಮೇಲೆ ತಾನೇ ಬಂದು ಬೂಬಮ್ಮನ ಕೈ ಹಿಡಿದು ಕರೆದುಕೊಂಡು ಹೋದಳು. ಮದುಮಗಳ ಎರಡು ಕೈಗೂ ಹಸಿರು ಬಳೆ ಏರಿದವು. ಆದರೆ ಬೂಬಮ್ಮ ಅವಳ ಕಿವಿಯ ಹತ್ತಿರ ಬಾಗಲಿಲ್ಲ.

ಸೋಮವಾರ ನಿಮ್ಮ ಅವ್ವ ಸ್ಟೀಲಿನ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಶಾಲೆಗೆ ಹೋದಳು. ನಡೆದದ್ದನ್ನು ಸಂಜೆ ನನಗೆ ಹೇಳಿದಳು. ಕನ್ನಡ ಕಲಿಸುವ ಅಕ್ಕೋರು ಒಳ್ಳೆಯವರು, ಅವಳನ್ನು ಸಮಾಧಾನ ಮಾಡಲು ನೋಡಿದರಂತೆ. "ಒಡಪ ಅಂದ್ರ ಜನಪದ. ಯಾರ ಕಟ್ಟಿದ್ದಂತ ಗೊತ್ತಿರೂದಿಲ್ಲ, ಎಲ್ಲಾರ್ದೂ ಅದು. ನೀ ಯಾಕ ಇಷ್ಟ ಮನಸಿಗಿ ಹಚ್ಚಿಕೊಂಡಿ?"

"ಯಾರ ಕಟ್ಟಿದ್ದಂತ ಗೊತ್ತೈತಿರಿ ಅಕ್ಕೋರ" ಎಂದಳಂತೆ ನಿಮ್ಮ ಅವ್ವ. "ಕಟ್ಟಿದಾಕಿ ನಿನ್ನಿ ನಮ್ಮ ಕಟ್ಟಿ ಮ್ಯಾಲ ಕುಂತ ಚಾ ಕುಡದಾಳ."

ಅಕ್ಕೋರಿಗೆ ನಗು ತಡೆಯಲಾಗಲಿಲ್ಲವಂತೆ. ನಕ್ಕ ಮೇಲೆ ಗಂಭೀರವಾಗಿ, ಹಾಡು, ಚಿತ್ರ, ಕಥೆ ಇವನ್ನು ಮಾಡಿದವರಿಗೆ ಅವುಗಳ ಮೇಲೆ ಹಕ್ಕಿರುತ್ತದೆ, ಅದಕ್ಕೆ ಕಾನೂನೇ ಇದೆ ಎಂದು ತಿಳಿಸಿದರಂತೆ. ಕಾಪಿರೈಟ್ ಎಂಬ ಮಾತು ನಮ್ಮ ಮನೆಗೆ ಬಂದದ್ದು ಆ ಸಂಜೆ. ಬೂಬಮ್ಮನಿಗೆ ಆ ಮಾತು ಗೊತ್ತಿರಲಿಲ್ಲ, ನಡತೆ ಗೊತ್ತಿತ್ತು.

ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ನಿಮ್ಮ ಅವ್ವ ಇಡೀ ಶಾಲೆಯ ಮುಂದೆ ನಿಂತು, ಒಡಪು ತನ್ನವಲ್ಲ ಎಂದು ಹೇಳಿ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು. ಡಬ್ಬಿ ಎರಡನೇ ಬಹುಮಾನದವಳಿಗೆ ಹೋಯಿತು. ಆಮೇಲೆ ಪೆನ್ನು ಹಿಡಿದು, ಪುಸ್ತಕ ಕೊಂಡವರನ್ನೆಲ್ಲ ಹುಡುಕಿ, ಒಂದೊಂದು ಪ್ರತಿಯಲ್ಲೂ ತನ್ನ ಹೆಸರು ಹೊಡೆದು ಹಾಕಿದಳು. ಆ ಜಾಗದಲ್ಲಿ "ಕಟ್ಟಿದವರು: ಕಾಗವಾಡದ ಬೂಬಮ್ಮ. ಐದನೆಯದು ಅವರ ಅತ್ತೆ, ಅಥಣಿ" ಎಂದು ಬರೆದಳು. ಹುಡುಗರು ಅವಳನ್ನು ಕಂಡಾಗಲೆಲ್ಲ "ಚುಕ್ಕಿ ಬಂತು, ಚುಕ್ಕಿ ಬಂತು" ಎಂದು ಕೂಗುತ್ತಿದ್ದರಂತೆ. ಮೂರು ದಿನದಲ್ಲಿ ಐವತ್ತೆಂಟು ಪ್ರತಿ ಸಿಕ್ಕವು. ಒಂದರ ಹಾಳೆಗಳು ಚುರಮುರಿ ಕಟ್ಟಿಕೊಡಲು ಹೋಗಿದ್ದವು. ಇನ್ನೊಂದು ಮದುಮಗಳ ನಾದಿನಿಯದು. ಅವಳು ಪುಸ್ತಕವನ್ನೇ ಕೊಡಲಿಲ್ಲ. "ಹೆಸರ ಯಾರದರ ಬರಿ, ಬಾಗಲದಾಗ ಹೇಳಾಕಿ ನಾನ" ಎಂದಳಂತೆ.

ಗುರುವಾರ ಶಾಲೆ ಬಿಟ್ಟ ಮೇಲೆ ನಿಮ್ಮ ಅಜ್ಜ ನಿಮ್ಮ ಅವ್ವನನ್ನು ಸೈಕಲ್ಲಿನ ಹಿಂದೆ ಕುಳ್ಳಿರಿಸಿಕೊಂಡು ಕಾಗವಾಡಕ್ಕೆ ಹೋದರು. ಬೂಬಮ್ಮ ಹೇಳಿದ್ದು ನಿಜ, ಮೊದಲು ಕೇಳಿದವರೇ ಮನೆ ತೋರಿಸಿದರು. ನಿಮ್ಮ ಅವ್ವ ತಿದ್ದಿದ ಪುಸ್ತಕವನ್ನು ಓದಿ ಹೇಳಿದಳು. ಬೂಬಮ್ಮ ತನ್ನ ಹೆಸರಿಗೆ ಏನೂ ಅನ್ನಲಿಲ್ಲ. "ನಮ್ಮ ಅತ್ತಿ ಎಲ್ಲಿ ಅದಾಳ, ತೋರಿಸ" ಎಂದಳಂತೆ. ನಿಮ್ಮ ಅವ್ವ ಅವಳ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟಳು. "ಸಾಲಿ ಮೆಟ್ಟಲಾ ಹತ್ತಲಿಲ್ಲ ಆಕಿ. ಈಗ ನೋಡ, ಸಾಲಿ ಪುಸ್ತಕದಾಗ ಬಂದ ಕುಂತಾಳ" ಎಂದು ಬೂಬಮ್ಮ ನಕ್ಕಳಂತೆ. ಪುಸ್ತಕವನ್ನು ಬಳೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಒಡಪಿನ ಮಾತು ಎತ್ತಲಿಲ್ಲ. ಕೇಳುವ ಧೈರ್ಯ ನಿಮ್ಮ ಅವ್ವನಿಗೂ ಆಗಲಿಲ್ಲ.

ರವಿವಾರ ಮದುವೆ. ಮುಂಜಾನೆ ಮದುಮಗಳ 'ಬಳೆ ಹೆಚ್ಚಿತು'. ಬಳೆ ಒಡೆಯಿತು ಎಂದು ನಾವು ಬಾಯಲ್ಲಿ ಹೇಳುವುದಿಲ್ಲ. ಒಂದೇ ಒಂದು ಬಳೆ. ಬೂಬಮ್ಮ ಇನ್ನೊಂದನ್ನು ಏರಿಸಲು ಅವಳ ಕೈಯನ್ನು ಮಂಡಿಯ ಮೇಲೆ ಇಟ್ಟುಕೊಂಡಳು. ಒಂದು ಬಳೆಗೆ ಅಷ್ಟು ಹೊತ್ತು ಬೇಕಾಗುವುದಿಲ್ಲ. ನಾನು ದೂರದಿಂದ ನೋಡಿದೆ, ಆಮೇಲೆ ಮುಖ ತಿರುಗಿಸಿ ಹೂವಿನ ಬುಟ್ಟಿಯ ಕಡೆ ಹೋದೆ.

ಮಧ್ಯಾಹ್ನ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಎಲ್ಲರೂ ಮದುಮಗಳೊಂದಿಗೆ ಉಗಾರ ಬುದ್ರುಕಕ್ಕೆ ಹೋದೆವು. ಬೂಬಮ್ಮನೂ ಮಲಾರ ಹೊತ್ತು ಹತ್ತಿದಳು, ಆ ಊರಲ್ಲಿ ಬಳೆ ಇಡುವುದಿದೆ ಎಂದಳು. ಹುಡುಗನ ಮನೆಯ ಬಾಗಿಲಲ್ಲಿ ನಾದಿನಿ ಎರಡೂ ಕೈ ಚಾಚಿ ನಿಂತಿದ್ದಳು. ಹಿಂದೆ ಹೈಸ್ಕೂಲಿನ ಹುಡುಗಿಯರ ಗುಂಪೇ ಇತ್ತು.

"ಹೆಸರ ಹೇಳ ವೈನಿ! ಇಲ್ಲಂದ್ರ ನಾನ ಹೇಳತೀನಿ. ಹೊಳಿ ನೀರ ಬಂದೈತಿ…" ಎಂದು ಒಂದೇ ಉಸಿರಿಗೆ ಪೂರ್ತಿ ಹೇಳಿಬಿಟ್ಟಳು. ತಾನೇ ಅಣ್ಣನ ಹೆಸರನ್ನೂ ಸೇರಿಸಿದಳು. ಹುಡುಗಿಯರು ಚಪ್ಪಾಳೆ ತಟ್ಟಿದರು. ಹೆಂಗಸರು ಮದುಮಗಳ ಮುಖ ನೋಡಿದರು. ನನ್ನ ಪಕ್ಕದಲ್ಲಿ ನಿಂತ ನಿಮ್ಮ ಅವ್ವ ನನ್ನ ಸೆರಗನ್ನು ಹಿಡಿದುಕೊಂಡಳು, ಐದು ವರ್ಷದ ಹುಡುಗಿಯ ಹಾಗೆ.

ಮದುಮಗಳು ಅವಸರ ಮಾಡಲಿಲ್ಲ. ನಗು ನಿಲ್ಲುವವರೆಗೆ ಕಾದಳು. ಆಮೇಲೆ ತಲೆ ಎತ್ತಿ ಹೇಳಿದಳು:

ಸಾಲಿ ಪುಸ್ತಕದಾಗ ಸಾವಿರ ಮಾತ,
............ ಹೆಸರ ಅದರಾಗಿಲ್ಲ, ಅದು ನನಗಷ್ಟ ಗೊತ್ತ.

ಮೊದಲು ನಕ್ಕದ್ದು ಹುಡುಗ. ಆಮೇಲೆ ಅಂಗಳವೆಲ್ಲ ನಕ್ಕಿತು. ನಾದಿನಿ ಕೈ ಇಳಿಸಿ, "ಸೋತ್ನಿ ವೈನಿ, ಬರ್ರಿ ಒಳಗ" ಎಂದು ತಾನೇ ಅಕ್ಕಿಯ ಸೇರು ಸರಿಮಾಡಿ ಇಟ್ಟಳು. ಬೂಬಮ್ಮ ಕಟ್ಟೆಯ ತುದಿಯಲ್ಲಿ ಕುಳಿತು ಯಾವುದೋ ಮುದುಕಿಯ ಕೈ ಹಿಚುಕುತ್ತಿದ್ದಳು. ಇತ್ತ ನೋಡಲೇ ಇಲ್ಲ.

ತಿರುಗಿ ಬರುವಾಗ ಟ್ರಾಲಿಯಲ್ಲಿ ನಿಮ್ಮ ಅವ್ವ ಸರಿಯುತ್ತ ಸರಿಯುತ್ತ ಅವಳ ಪಕ್ಕಕ್ಕೆ ಹೋದಳು. "ಬೂಬಮ್ಮಾ, ಇದನ್ನ ಬರಕೋಲೇನರಿ?"

"ನನ್ನ ಯಾಕ ಕೇಳತಿ? ಕೊಟ್ಟಾತು. ಆಕೀನ್ನ ಕೇಳ."

ಮದುಮಗಳು ತವರಿಗೆ ಬಂದಾಗ ಕೇಳಿದರೆ, "ಒಂದ ವರ್ಸ ನನ್ನ ಬಾಯಾಗ ಇರಲಿ, ಆಮ್ಯಾಲ ನೋಡೂಣು" ಎಂದಳು. ಒಂದು ವರ್ಷ ನಾವು ಬರೆಯಲಿಲ್ಲ. ಅವಳ ಕುಬಸದ ದಿನ ಅವಳೇ ನಿಮ್ಮ ಅವ್ವನನ್ನು ಕರೆದು, "ಹೂಂ, ಈಗ ಬರಕೋ" ಎಂದಳು. ವಹಿ ತೆಗೆದು ನೋಡಿ, ಆ ಪುಟದಿಂದ ಮುಂದೆ ಪ್ರತಿ ಒಡಪಿನ ಪಕ್ಕದಲ್ಲಿ ಕಟ್ಟಿದವರು, ಹೇಳಿದವರು, ಕೊನೆಗೆ "ಕೇಳಿ ಬರೆದದ್ದು" ಎಂದು ಇದೆ. ಆ ಅಕ್ಷರ ನಿಮ್ಮ ಅವ್ವನದು. ಹಿಂದಿನ ಪುಟಗಳ ಅಂಚಿನಲ್ಲೂ ಅವಳು ತುಂಬಿದ್ದಾಳೆ. ಕೆಲವು ಕಡೆ "ಯಾರದು ಗೊತ್ತಿಲ್ಲ" ಎಂದಿದೆ. ಚಿಕ್ಕವಳೇ, ನವಿಲನ್ನು ತೆಗೆದವರು ಯಾರೆಂದು ಹುಡುಕು. ಸಿಗದಿದ್ದರೆ ಹಾಗೆಂದೇ ಬರೆ, ಅದರಲ್ಲಿ ನಾಚಿಕೆಯಿಲ್ಲ. ಇಲ್ಲವಾದರೆ ನೀನೇ ಒಂದು ನವಿಲು ತೆಗೆ. ಕೋಳಿಯ ಹಾಗೆ ಕಂಡರೂ ಅದರ ಕೆಳಗೆ ನಿನ್ನ ಹೆಸರು ಚೆಂದ ಕಾಣುತ್ತದೆ.

ನಿಮ್ಮ ಅವ್ವನ ಮದುವೆಗೂ ಬೂಬಮ್ಮ ಬಂದಳು, ಕಣ್ಣು ಮಂಜಾಗಿದ್ದರೂ ಬಳೆ ತಪ್ಪಲಿಲ್ಲ. ಅವಳ ಕಿವಿಯಲ್ಲಿ ಏನು ಹೇಳಿದಳು ಎಂಬುದು ನಿಮ್ಮ ಅವ್ವನದು, ಅವಳನ್ನೇ ಕೇಳಿ. ನನ್ನದನ್ನು ಮೇಲೆ ಬರೆದಿದ್ದೇನೆ. ಕಟ್ಟಿದವಳು ಕಾಗವಾಡದ ಬೂಬಮ್ಮ. ಅದರಲ್ಲಿ ಚುಕ್ಕಿ ಹಾಗೆಯೇ ಬಿಟ್ಟಿದ್ದೇನೆ. ನಿಮ್ಮ ಅಜ್ಜ ಇಲ್ಲವಾದ ಮೇಲೆ ಹೆಸರು ಹೇಳು ಎಂದು ನನ್ನನ್ನು ಯಾರೂ ಪಟ್ಟು ಹಿಡಿದಿಲ್ಲ. ನೀವು ಹಿಡಿಯಿರಿ. ಹತ್ತಿರ ಬಂದು ಕುಳಿತುಕೊಳ್ಳಿ, ಹೇಳುತ್ತೇನೆ. ದನಿ ಮಾತ್ರ ತಗ್ಗು.